ಬಲಗಡೆಯ ಕಂಬಿ

"ಇದನ್ನ ಮಾಡಿದವರಿಗೆ ಕೈ ಇದೆ. ತಲೆ ಇಲ್ಲ."

ಮೈಕಿನಲ್ಲಿ ಬಂದ ಮಾತು. ಇಡೀ ಸಭಾಂಗಣಕ್ಕೆ ಕೇಳಿಸಿತು. ಯಾರೋ ಒಬ್ಬರು ಕಿಸಕ್ಕನೆ ನಕ್ಕರು. ಒಬ್ಬರು ನಕ್ಕಮೇಲೆ ಉಳಿದವರಿಗೆ ಧೈರ್ಯ ಬರಲು ಎಷ್ಟು ಹೊತ್ತು?

ಮೇಜಿನ ಹಿಂದೆ ನಿಂತಿದ್ದ ಅವಳಿಗೆ ಕಿವಿಯ ತುದಿಯವರೆಗೂ ಬಿಸಿಯೇರಿತು.

ಮೇಜಿನ ಮೇಲಿದ್ದದ್ದು ಅಂಗೈಗಿಂತ ತುಸು ಉದ್ದದ ಉಗಿ ಇಂಜಿನ್ನಿನ ಮಾದರಿ. ಕೊಂಡು ತಂದಾಗ ಅದು ಹಿತ್ತಾಳೆ ಮೈಯ ಬೋಳು ಆಟಿಕೆಯಂತಿತ್ತು. ಎರಕದಲ್ಲೇ ಬಂದಿದ್ದ ದಪ್ಪ ಗೆರೆಗಳನ್ನೆಲ್ಲ ಅವಳು ಉಜ್ಜಿ ತೆಗೆದು, ಸಣ್ಣ ತಂತಿಯಲ್ಲಿ ಕೊಳವೆ, ಕಂಬಿ, ಮೆಟ್ಟಿಲುಗಳನ್ನು ಒಂದೊಂದಾಗಿ ಹೊಸದಾಗಿ ಕೂರಿಸಿದ್ದಳು. ಹಗಲೆಲ್ಲ ಡೆಂಟಲ್ ಲ್ಯಾಬಿನಲ್ಲಿ ಕೂತು ಊರಿನವರಿಗೆ ಹಲ್ಲಿನ ಸೆಟ್ ಮಾಡುವ ಕೈ ಅವಳದು. ಸೂಕ್ಷ್ಮ ಕೆಲಸವೆಂದರೆ ಅವಳಿಗೆ ಉಸಿರಾಡಿದಷ್ಟೇ ಸಲೀಸು.

ಹಾಗೆ ಅಂದವನು ಮಾದರಿ ರೈಲು ಕ್ಲಬ್ಬಿನ ತೀರ್ಪುಗಾರ. ಎತ್ತರದ ಆಳು, ಉಗುರಿನ ಸಂದಿಯಲ್ಲಿ ಗ್ರೀಸು, ಒಂದು ಕಣ್ಣಿಗೆ ಗಡಿಯಾರ ರಿಪೇರಿಯವರ ಭೂತಗನ್ನಡಿ. ಯಾರ ಇಂಜಿನ್ನಿನಲ್ಲಾದರೂ ಒಂದು ರಿವೆಟ್ ಕಡಿಮೆ ಕಂಡರೆ ಇವನಿಗೆ ಊಟ ಸೇರುವುದಿಲ್ಲವೆಂದು ಕ್ಲಬ್ಬಿನವರು ಬೆನ್ನ ಹಿಂದೆ 'ರಿವೆಟ್ ರಾಯ' ಎನ್ನುತ್ತಿದ್ದರು. ಎದುರಿಗೆ ಅನ್ನಲು ಯಾರಿಗೂ ಎದೆಯಿರಲಿಲ್ಲ.

"ಏನು ತಪ್ಪು? ಎಲ್ಲಿ ತಪ್ಪು ಅಂತ ಹೇಳಿ..." ಅವಳ ದನಿ ನಡುಗಿತು.

ಅವನು ಚಿಮಟ ಚಾಚಿ, ಡ್ರೈವರ್ ನಿಲ್ಲುವ ಗೂಡಿನ ಎಡಬದಿಯ ಹಿಡಿಕೆ ಕಂಬಿಯನ್ನು ಮುಟ್ಟಿದ. ಹತ್ತಿ ಇಳಿಯುವಾಗ ಹಿಡಿದುಕೊಳ್ಳುವ ಕಂಬಿ. ಅವಳು ಅದನ್ನು ಬೇಕೆಂದೇ ಹೊರಕ್ಕೆ ಬಾಗಿಸಿದ್ದಳು.

"ಈ ನಂಬರಿನ ಇಂಜಿನ್ನಿನಲ್ಲಿ ಬಾಗಿದ್ದು ಬಲಗಡೆ ಕಂಬಿ. ಡ್ರೈವರ್ ಕಡೆಯದು. ನೀವು ಫೈರ್‌ಮನ್ ಕಡೆಯದನ್ನ ಬಾಗಿಸಿದ್ದೀರಿ. ಗೊತ್ತಿಲ್ಲದಿದ್ರೆ ಕಥೆ ಕಟ್ಟಬಾರದು!"

ಮಾತಿನ ಭರದಲ್ಲಿ ಚಿಮಟ ಒತ್ತಿತೋ, ಅವನೇ ಒತ್ತಿದನೋ... ಕಂಬಿ ಟಿಣ್ಣೆಂದು ಕಿತ್ತುಬಂದು ಮೇಜಿನ ಮೇಲೆ ಬಿತ್ತು.

ಅವನು ಒಂದು 'ಸಾರಿ' ಕೂಡ ಹೇಳಲಿಲ್ಲ. ಪಕ್ಕದ ಮೇಜಿಗೆ ಹೊರಟುಹೋದ. ಹೋಗುವಾಗ ಒಮ್ಮೆ ತಿರುಗಿ ಆ ಕಿತ್ತ ಕಂಬಿಯನ್ನೇ ನೋಡಿದ. ಕಣ್ಣು ತುಂಬಿದ್ದರಿಂದ ಅವಳಿಗೆ ಅದು ಕಾಣಲಿಲ್ಲ.

* * *

"ಏನಂದ್ರು? ಬಹುಮಾನ ಬಂತಾ?"

ಅಪ್ಪ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕಾದು ಕೂತಿದ್ದ. ಸಕ್ಕರೆ ಕಾಯಿಲೆ ಅವನ ಕಣ್ಣನ್ನು ತಿಂದು, ಬೆಳಕು ಯಾವುದು ಕತ್ತಲು ಯಾವುದು ಅನ್ನುವಷ್ಟನ್ನು ಮಾತ್ರ ಉಳಿಸಿತ್ತು. ಬಲಗೈಯ ತುಂಬ, ಮೊಣಕೈವರೆಗೆ, ಸುಟ್ಟು ಮಾಗಿದ ಚರ್ಮದ ಸುಕ್ಕು.

"ಇಲ್ಲಪ್ಪ. ಕಂಬಿ ಬಾಗಿದ್ದು ಬಲಗಡೆಯಂತೆ. ಎಲ್ಲರ ಮುಂದೆ ನನ್ನ ಮಾನ ಕಳೆದ."

ಅಪ್ಪನ ಮುಖ ಗಂಟಿಕ್ಕಿತು. "ಯಾವನವನು? ಆ ಇಂಜಿನ್ನಿಗೆ ಕಲ್ಲಿದ್ದಲು ಎತ್ತಿಹಾಕಿದ ಫೈರ್‌ಮನ್ ನಾನಾ, ಅವನಾ? ಎಡಗಡೆ ಅಂದ್ರೆ ಎಡಗಡೆ! ನಿನಗೂ ನನ್ನ ಮಾತಲ್ಲಿ ನಂಬಿಕೆ ಇಲ್ಲ ಅಂದ್ರೆ ಹೇಳ್ಬಿಡು. ಕಣ್ಣಿಲ್ಲದವನು, ಮೂಲೇಲಿ ಬಿದ್ದಿರ್ತೀನಿ."

ಅಷ್ಟೇ. ಅವಳ ಬಾಯಿ ಮುಚ್ಚಿಹೋಯಿತು. ಮಗಳ ಬಾಯಿ ಮುಚ್ಚಿಸುವುದು ಹೇಗೆಂದು ಅಪ್ಪನಿಗೆ ಚೆನ್ನಾಗಿ ಗೊತ್ತಿತ್ತು.

ಅವಳು ಹಾಲುಹಲ್ಲಿನ ಕಾಲದಿಂದ ಕೇಳುತ್ತ ಬಂದ ಕಥೆ ಅದು. ದೂರದ ಯಾವುದೋ ಲೈನಿನಲ್ಲಿ, ಓಡುವ ಇಂಜಿನ್ನಿನ ಗೂಡಿನಲ್ಲಿ ಉಗಿಯ ಕೊಳವೆ ಒಡೆಯಿತು. ಡ್ರೈವರ್ ಪ್ರಜ್ಞೆ ತಪ್ಪಿದ. ಅಪ್ಪ ಒಂದು ಕೈಯಲ್ಲಿ ಎಡಗಡೆಯ ಕಂಬಿ ಹಿಡಿದು, ಇನ್ನೊಂದು ಕೈಯನ್ನು ಕುದಿಯುವ ಉಗಿಯೊಳಗೆ ತೂರಿಸಿ ಅವನನ್ನು ಹೊರಗೆಳೆದ. ಇಬ್ಬರ ಭಾರಕ್ಕೆ ಕಂಬಿ ಬಾಗಿತು. ಅಪ್ಪನ ಕೈ ಹೋಯಿತು, ಡ್ರೈವರ್ ಅಣ್ಣನ ಜೀವ ಉಳಿಯಿತು.

"ಈಗಲೂ ಎಲ್ಲೋ ಮೊಮ್ಮಕ್ಕಳನ್ನ ಆಡಿಸ್ಕೊಂಡು ಇರ್ತಾನೆ ಬಿಡು," ಎನ್ನುತ್ತಿದ್ದ ಅಪ್ಪ. "ಆದ್ರೆ ಯಾರಿಗೂ ಹೇಳ್ಬೇಡ. ಮಾಡಿದ ಉಪಕಾರನ ಸಾರ್ಕೊಂಡು ತಿರುಗಬಾರದು."

ಇಂಥ ಅಪ್ಪ! ತಾಯಿಯಿಲ್ಲದ ಹುಡುಗಿಗೆ ಇನ್ನೇನು ಬೇಕು? ಆ ಸುಟ್ಟ ಕೈಗೆ ಅವಳು ಚಿಕ್ಕಂದಿನಿಂದ ದಿನಾ ಎಣ್ಣೆ ಸವರುತ್ತಿದ್ದಳು. ನೋಡಲು ಬಂದ ಗಂಡಿನ ಕಡೆಯವರು "ಹುಡುಗಿ ಜೊತೆ ಕುರುಡನೂ ಬರ್ತಾನಾ?" ಎಂದು ಕೇಳಿದಾಗ ಬಾಗಿಲು ತೋರಿಸಿದ್ದಳು. ಆಮೇಲೆ ಬಂದವರಿಗೂ ಅದೇ ಬಾಗಿಲು.

ಈ ಪುಟ್ಟ ಇಂಜಿನ್ ಕೂಡ ಅವನಿಗಾಗಿಯೇ. ಕಾಣದವನಿಗೆ ಬಣ್ಣ ಯಾಕೆ? ಒಂದೊಂದು ರಿವೆಟ್ಟೂ ಬೆರಳಿಗೆ ಸಿಗಬೇಕು, ಒಂದೊಂದು ಕೊಳವೆಯೂ ಉಗುರಿಗೆ ತಾಗಬೇಕು. ಹಲ್ಲಿಗೆ ಮೇಣ ಹಾಕುವ ಕಡ್ಡಿಯಿಂದ ಅವಳು ರಿವೆಟ್‌ಗಳನ್ನು ಚುಕ್ಕಿ ಚುಕ್ಕಿಯಾಗಿ ಇಡುತ್ತಿದ್ದಳು, ಕಣ್ಣು ಮುಚ್ಚಿ ಸವರಿ ನೋಡುತ್ತಿದ್ದಳು. ಪೂರ್ತಿಯಾದ ದಿನ ಅಪ್ಪ ಬೆರಳಿನಿಂದಲೇ ತನ್ನ ಇಂಜಿನ್ನನ್ನು ಮತ್ತೆ ನೋಡಬೇಕು. ಅವಳ ಬದುಕಿನ ಆಸೆಯೆಲ್ಲ ಅಷ್ಟರಲ್ಲೇ ಇತ್ತು.

* * *

ಮಾರನೆಯ ಮಧ್ಯಾಹ್ನ ಅವಳು ಜಗಳಕ್ಕೆಂದೇ ಹೋದಳು.

ರಿವೆಟ್ ರಾಯನದು ಸಣ್ಣ ಲೇತ್ ಅಂಗಡಿ. ಹಿಂದೆಯೇ ಮನೆ. ನೆಲದ ತುಂಬ ಕಬ್ಬಿಣದ ಸುರುಳಿ ತುಣುಕು, ಗಾಳಿಯ ತುಂಬ ಸುಟ್ಟ ಎಣ್ಣೆಯ ವಾಸನೆ.

"ಸಾಕ್ಷಿ ತೋರಿಸಿ!" ಬಾಗಿಲಲ್ಲೇ ನಿಂತು ಅಂದಳು. "ಬಲಗಡೆ ಅನ್ನೋಕೆ ಏನು ಸಾಕ್ಷಿ? ಅಷ್ಟು ಜನರ ಮುಂದೆ ಮುರಿದು ಹಾಕಿದ್ರಲ್ಲ!"

ಅವನು ಲೇತ್ ನಿಲ್ಲಿಸಿದ. ಗೋಡೆಯ ಕಡೆ ಬೆರಳು ಮಾಡಿದ.

ಗೋಡೆಗೆ ಒಂದು ಉದ್ದನೆಯ ಕಬ್ಬಿಣದ ಕಂಬಿ ತೂಗುಹಾಕಿತ್ತು. ನಡುವಿನಲ್ಲಿ ಹೊರಕ್ಕೆ ಬಾಗಿತ್ತು. ಕೆಳಗಿನ ಪಾದದಲ್ಲಿ ಬೋಲ್ಟ್ ಕಿತ್ತುಹೋದ ತೂತು.

"ಆ ಇಂಜಿನ್ನಿನದೇ. ಅದನ್ನ ಒಡೆದು ಗುಜರಿಗೆ ಹಾಕೋವಾಗ ಕೇಳಿ ತಗೊಂಡು ಬಂದದ್ದು."

ಅವಳು ಹತ್ತಿರ ಹೋದಳು. ಕಣ್ಣು ಮುಚ್ಚಿ ಸವರಿದಳು. ಮೇಲಿನ ಪಾದ, ಕೆಳಗಿನ ಪಾದ, ಅವು ತಿರುಗಿದ ದಿಕ್ಕು... ಅವಳ ಬೆರಳು ನಿಂತುಬಿಟ್ಟಿತು. ಬಲದವಡೆಯ ಹಲ್ಲನ್ನು ಎಡದವಡೆಗೆ ಕೂರಿಸಲು ಬರುತ್ತದೆಯೇ? ದಿನವಿಡೀ ಅದೇ ಕೆಲಸ ಮಾಡುವವಳಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ.

"ಹೌದು," ಎಂದಳು ಮೆಲ್ಲಗೆ. "ಇದು ಬಲಗಡೆಯದೇ."

ಅವನು ಬೆಚ್ಚಿ ನೋಡಿದ. ಮುಟ್ಟಿ ತಿಳಿದುಕೊಂಡವರನ್ನು ಅವನು ಇದುವರೆಗೆ ಕಂಡಿರಲಿಲ್ಲ.

"ಬಾಗಿತ್ತು ಅಂತ ನಿಮಗೆ ಹೇಳಿದ್ದು ಯಾರು? ಉಳಿದದ್ದರಲ್ಲಿ ಹೇಳಿಕೊಳ್ಳುವಂಥ ತಪ್ಪಿಲ್ಲ. ಇದೊಂದು ಮಾತ್ರ..."

"ರೈಲ್ವೆಯಲ್ಲಿದ್ದ ಹಿರಿಯರೊಬ್ಬರು," ಎಂದಳು. ಅಪ್ಪನಿಗೆ ಕೊಟ್ಟ ಮಾತು ನೆನಪಿತ್ತು.

"ಆ ಹಿರಿಯರಿಗೆ ಎಡ ಬಲ ಗೊತ್ತಿಲ್ಲ."

ಪಾಪ, ವಯಸ್ಸಾಯಿತಲ್ಲ, ಮರೆತಿದ್ದಾನೆ... ಎಂದುಕೊಂಡಳು ಅವಳು. ಅಪ್ಪನ ಮೇಲೆ ಅವಳಿಗೆ ಕರುಣೆ ಹುಟ್ಟಿತು. ಕಂಬಿಯ ವಿಷಯ ಕೊನೆಗೆ ನೋಡೋಣವೆಂದು ಬಿಟ್ಟಳು.

ಹೊರಡುವಾಗ ಅವನು ತಲೆ ಬಗ್ಗಿಸಿಕೊಂಡೇ ಅಂದ, "ನಿಮ್ಮ ಚಿಮಣಿ ಬಾಯಿ ಸ್ವಲ್ಪ ಅಗಲ. ಹೊಸದು ಕಡೆದುಕೊಡ್ತೀನಿ. ಕಂಬಿ ಮುರಿದೆನಲ್ಲ... ಅದಕ್ಕೆ."

ಅದು ಅವನ ಕ್ಷಮಾಪಣೆ. ಅದಕ್ಕಿಂತ ಉದ್ದದ್ದು ಅವನಿಗೆ ಬರುತ್ತಿರಲಿಲ್ಲ.

* * *

ಚಿಮಣಿಯಿಂದ ಶುರುವಾದದ್ದು ಗಂಟೆಗೆ, ಗಂಟೆಯಿಂದ ಸೀಟಿಗೆ, ಸೀಟಿಯಿಂದ ದೀಪಕ್ಕೆ ಬಂತು. ಅವನು ಲೇತಿನಲ್ಲಿ ಅಕ್ಕಿಕಾಳಿನಂಥ ಹಿತ್ತಾಳೆ ಭಾಗಗಳನ್ನು ಕಡೆಯುತ್ತಿದ್ದ, ಅವಳು ಕೂರಿಸುತ್ತಿದ್ದಳು. ಲ್ಯಾಬಿನ ಕೆಲಸ ಮುಗಿದರೆ ಸಾಕು, ಕಾಲು ತಾನಾಗಿಯೇ ಆ ಬೀದಿಗೆ ತಿರುಗುತ್ತಿತ್ತು.

ಅವನಮ್ಮ ಟೀ ತರುತ್ತಿದ್ದರು. ಮಾತಿಗೆ ಮುಂಚೆ ಅವರ ಹಲ್ಲಿನ ಸೆಟ್ ಟಕಟಕ ಅನ್ನುತ್ತಿತ್ತು.

"ಅಮ್ಮಾ, ಇದನ್ನ ಯಾವ ಪುಣ್ಯಾತ್ಮ ಮಾಡಿಕೊಟ್ಟ? ಕೊಡಿ ಇಲ್ಲಿ," ಎಂದು ಇಸಿದುಕೊಂಡು ಹೋದವಳು, ಮರುದಿನ ಸರಿಮಾಡಿ ತಂದಳು. ಅಮ್ಮ ಹಾಕಿಕೊಂಡು ಕನ್ನಡಿ ನೋಡಿದರು.

"ಏ, ಇನ್ಮೇಲೆ ನಿನಗೆ ಬೈಯೋಕೂ ಚೆನ್ನಾಗಾಯ್ತು ಕಣೋ!" ಎಂದು ಮಗನಿಗೆ ಹೇಳಿ, ಹುಡುಗಿಯ ಕೆನ್ನೆ ಸವರಿದರು. ಆ ಕೈ ಕೆನ್ನೆಯ ಮೇಲೆ ಬೇಕಿದ್ದಕ್ಕಿಂತ ತುಸು ಹೆಚ್ಚು ಹೊತ್ತೇ ಇತ್ತು.

ಒಂದು ಸಂಜೆ ಅವನು ಕೇಳಿದ, "ಯಾವಾಗ್ಲೂ ಕಣ್ಣು ಮುಚ್ಚಿ ಯಾಕೆ ಸವರ್ತೀರಿ?"

"ಇದನ್ನ ನೋಡೋರಿಗೆ ಕಣ್ಣು ಕಾಣಲ್ಲ. ನನ್ನ ಅಪ್ಪನಿಗೆ..."

ಅವನಿಗೆ ತನ್ನ ಮಾತು ನೆನಪಾಯಿತು. ತಾನು ತಲೆಯಿಲ್ಲವೆಂದದ್ದು ಎಂಥ ಕೆಲಸಕ್ಕೆ! ತನ್ನ ಬೆರಳನ್ನು ಅವಳ ಬೆರಳಿನ ಪಕ್ಕ ಇಟ್ಟು, ಕಣ್ಣು ಮುಚ್ಚಿ ರಿವೆಟ್ ಸಾಲಿನ ಮೇಲೆ ಸರಿಸಿದ. ಎರಡು ಬೆರಳೂ ಇಂಜಿನ್ನಿನ ಬೆನ್ನಮೇಲಿನ ಗುಮ್ಮಟದ ತುದಿಯಲ್ಲಿ ಒಂದಕ್ಕೊಂದು ತಾಗಿದವು. ಇಬ್ಬರೂ ತೆಗೆಯಲಿಲ್ಲ.

"ಇದು ಮುಗಿದ ಮೇಲೂ... ಬರ್ತೀಯಾ?"

'ನೀವು' ಹೋಗಿ 'ನೀನು' ಬಂದದ್ದನ್ನು ಅವಳ ಎದೆ ಮೊದಲು ಕೇಳಿಸಿಕೊಂಡಿತು.

"ಎಷ್ಟು ದಿನಕ್ಕೆ?"

"ವಾಪಸ್ ಹೋಗದೇ ಇರೋಷ್ಟು ದಿನಕ್ಕೆ."

ಅಯ್ಯೋ, ಸಂತೋಷ ಅಂದರೆ ಇಷ್ಟೊಂದು ಇರುತ್ತದೆಯೇ! ಅವಳಿಗೆ ಅವನಿಗೆ ಏನಾದರೂ ಕೊಡಬೇಕೆನಿಸಿತು. ತನ್ನಲ್ಲಿರುವುದರಲ್ಲೇ ಅತಿ ದೊಡ್ಡದನ್ನು. ಯಾರಿಗೂ ಹೇಳದೆ ಇಷ್ಟು ವರ್ಷ ಕಾಪಾಡಿಕೊಂಡು ಬಂದದ್ದನ್ನು.

"ಒಂದು ಗುಟ್ಟು ಹೇಳ್ಲಾ? ಈ ಇಂಜಿನ್ನಿನ ಫೈರ್‌ಮನ್ ಆಗಿದ್ದದ್ದು ನನ್ನ ಅಪ್ಪಾನೇ!"

ಅವನ ಬೆರಳು ಗುಮ್ಮಟದ ಮೇಲಿನಿಂದ ಸರಿಯಿತು. ಅವಳು ಗಮನಿಸಲಿಲ್ಲ. ಕಥೆಯ ಸುಖದಲ್ಲಿ ತೇಲಿಹೋಗಿದ್ದಳು. ಉಗಿ, ಬಾಗಿದ ಕಂಬಿ, ಸುಟ್ಟ ಕೈ, ಎಲ್ಲವನ್ನೂ ಹೇಳಿದಳು.

"ಆಮೇಲೆ? ಆ ಡ್ರೈವರ್?" ಅವನ ದನಿ ಯಾವುದೋ ಬಾವಿಯೊಳಗಿಂದ ಬಂದಂತಿತ್ತು.

"ಬದುಕಿದ್ರು! ಅಪ್ಪ ಎಳೆದು ಹಾಕಿದ್ರಲ್ಲ. ಈಗ ಎಲ್ಲೋ ಮೊಮ್ಮಕ್ಕಳನ್ನ ಆಡಿಸ್ತಾ ಆರಾಮಾಗಿ ಇರ್ತಾರಂತೆ," ಎಂದು ನಕ್ಕಳು. "ನನಗೆ ಅವರನ್ನ ಒಂದ್ಸಲ ನೋಡ್ಬೇಕು ಅಂತ ಎಷ್ಟು ಆಸೆ ಗೊತ್ತಾ?"

ಅವನು ಗೋಡೆಯ ಕಂಬಿಯನ್ನೇ ನೋಡುತ್ತಿದ್ದ. ಆಮೇಲೆ ಇಂಜಿನ್ನನ್ನು ಎತ್ತಿ ಅವಳ ಚೀಲದೊಳಗೆ ಇಟ್ಟ.

"ಹೊರಡಿ."

"ಏನು...?"

"ಹೊರಡಿ ಅಂದೆ. ಇನ್ನು ಈ ಹೊಸ್ತಿಲು ತುಳೀಬೇಡಿ. ನಿಮ್ಮ ಮನೆ ಸಂಬಂಧ ನನಗೆ ಬೇಡ."

ಮತ್ತೆ 'ನೀವು'! ಕೆನ್ನೆಗೆ ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

"ನಾನೇನು ತಪ್ಪು ಮಾಡಿದೆ? ಹೇಳಿ!" ಥಟ್ಟನೆ ಅವಳಿಗೆ ಹೊಳೆಯಿತು. ಎಲ್ಲ ಗಂಡುಗಳ ಬಾಯಲ್ಲೂ ಕೇಳಿದ್ದ ಮಾತೇ ಅಲ್ಲವೇ? "ಕುರುಡನ ಮಗಳು ಅಂತ ತಾನೆ? ಅವನನ್ನೂ ಸಾಕ್ಬೇಕಾಗುತ್ತೆ ಅಂತ ತಾನೆ?"

ಅವನು ಬೆನ್ನು ತಿರುಗಿಸಿದ.

"ಹಾಗಂತಲೇ ಅಂದ್ಕೊಳ್ಳಿ," ಎಂದು ಲೇತ್ ಶುರುಮಾಡಿದ.

ಅವಳು ಬೀದಿಯಲ್ಲಿ ಅಳುತ್ತಲೇ ನಡೆದಳು. ಜನ ತಿರುಗಿ ನೋಡಿದರು. ನೋಡಲಿ!

ಮನೆಯಲ್ಲಿ ಅಪ್ಪ ಎಲ್ಲವನ್ನೂ ಕೇಳಿಸಿಕೊಂಡ. ಯಾರು, ಯಾವ ಅಂಗಡಿ ಎಂದು ಕೇಳಲೂ ಇಲ್ಲ. "ಹೋದ್ರೆ ಹೋಗ್ಲಿ ಬಿಡು," ಎಂದ. ಅವನ ದನಿಯಲ್ಲಿ ಒಂದು ನೆಮ್ಮದಿಯಿತ್ತು. "ನೀನೂ ಹೋದ್ರೆ ನನಗ್ಯಾರು?"

ಆ ನೆಮ್ಮದಿ ಅವಳಿಗೆ ಮೊದಲ ಸಲ ಚುಚ್ಚಿತು.

* * *

ಕಂಬಿಯೊಂದು ಬಾಕಿಯಿತ್ತು.

ಆ ಮನುಷ್ಯನನ್ನು ದ್ವೇಷಿಸಲು ಅವಳು ಇಡೀ ವಾರ ಪ್ರಯತ್ನಪಟ್ಟಳು. ಸ್ವಲ್ಪ ಮಟ್ಟಿಗೆ ಸಾಧ್ಯವೂ ಆಯಿತು. ಆದರೆ ಅವನು ಹೇಳಿದ ಅಳತೆ ಸರಿಯಾಗಿತ್ತಲ್ಲ! ಎಡ ಹಲ್ಲನ್ನು ಬಲಕ್ಕೆ ಕೂರಿಸಿ ಕೊಡುವುದು ಅವಳ ಕೈಯಿಂದ ಆಗದ ಕೆಲಸ. ಎಡಗಡೆ ನೆಟ್ಟಗಿನ ಕಂಬಿ ಹಾಕಿದಳು. ಬಲಗಡೆ, ಗೋಡೆಯ ಮೇಲೆ ಕಂಡಂತೆಯೇ, ಕೆಳಗಿನ ಪಾದ ಕಿತ್ತು ಹೊರಕ್ಕೆ ಬಾಗಿದ ಕಂಬಿಯನ್ನು ಬೆಸೆದಳು. ಅಪ್ಪ ಒಂದಿಷ್ಟು ರೇಗುತ್ತಾನೆ, ಆಮೇಲೆ 'ಹೌದಲ್ಲ, ಮರೆತಿದ್ದೆ' ಎಂದು ನಗುತ್ತಾನೆ. ಹಾಗೆಂದುಕೊಂಡಳು ಪಾಪದ ಹುಡುಗಿ.

ಭಾನುವಾರ ಬೆಳಗ್ಗೆ ಇಂಜಿನ್ನನ್ನು ಅವನ ಕೈಗಿಟ್ಟಳು.

ಅಪ್ಪನ ಬೆರಳು ಮುಂದಿನ ಬಫರಿನಿಂದ ಹೊರಟಿತು. ದೀಪ... ಚಿಮಣಿ... "ಇದೇ! ಇದೇ ಚಿಮಣಿ ಕಣೇ!" ಗಂಟೆ, ಗುಮ್ಮಟ, ಸೀಟಿ. ಕುರುಡು ಕಣ್ಣಿನಿಂದ ನೀರು ಇಳಿಯತೊಡಗಿತು. ನಗುತ್ತಿದ್ದ, ಅಳುತ್ತಿದ್ದ, ಹೆಸರು ಹೇಳುತ್ತಿದ್ದ. ಅವಳು ನೆಲದ ಮೇಲೆ ಕೂತು ಅವನ ಮುಖವನ್ನೇ ನೋಡುತ್ತಿದ್ದಳು. ಇದಕ್ಕಾಗಿಯೇ ತಾನೆ ಅವಳು ಬದುಕಿದ್ದು!

ಬೆರಳು ಗೂಡಿಗೆ ಬಂತು. ಎಡಗಡೆ. ನೆಟ್ಟಗಿನ ಕಂಬಿ.

ಅಪ್ಪನ ಬೆರಳು ನಿಂತಿತು. ಆಮೇಲೆ ನಿಧಾನಕ್ಕೆ ಬಲಗಡೆಗೆ ಬೆರಳು ಸರಿಸಿದ. ಬಾಗಿದ ತಂತಿ ತಾಗಿತು.

ಬೆಂಕಿ ಮುಟ್ಟಿದವನಂತೆ ಕೈ ಹಿಂದಕ್ಕೆಳೆದುಕೊಂಡ.

"ಯಾರು... ಯಾರು ಹೇಳಿದ್ರು ನಿನಗೆ?"

"ಆ ಕಂಬಿಯನ್ನೇ ನೋಡಿದೆ ಅಪ್ಪ. ಲೇತ್ ಅಂಗಡಿಯವನ ಗೋಡೆ ಮೇಲಿದೆ."

ಅಪ್ಪನ ಮುಖದಲ್ಲಿ ರಕ್ತವೇ ಇರಲಿಲ್ಲ. "ಆ ಹುಡುಗನಿಗೆ... ಅಮ್ಮ ಇದಾಳಾ?"

"ಇದಾರೆ."

"ಅಪ್ಪ?"

"ಇಲ್ಲ. ಅವನು ಕೈಗೂಸಾಗಿದ್ದಾಗಲೇ..."

ಒಂದೊಂದಾಗಿ ಅವಳಿಗೆ ನೆನಪಾಯಿತು. ಗೋಡೆಯ ಮೇಲೆ ದೇವರ ಪಟದಂತೆ ತೂಗುಹಾಕಿದ್ದ ಕಂಬಿ. ಮೈಕಿನ ಮುಂದೆ ಸಿಡಿದ ಆ ಸಿಟ್ಟು. ಬಾವಿಯೊಳಗಿನ ದನಿ.

"ಅಪ್ಪಾ... ಡ್ರೈವರ್ ಬದುಕಿದ್ರು ಅಂದಿದ್ದೆ ನೀನು."

ಅಪ್ಪ ಮುಖವನ್ನು ಕಿಟಕಿಯ ಕಡೆ ತಿರುಗಿಸಿದ.

"ಹೇಳಪ್ಪ!"

"ನಾನು ಎಡಗಡೆಯಿಂದ ಹಾರಿಬಿಟ್ಟೆ. ಕೊಳವೆ ಒಡೆದ ತಕ್ಷಣ. ಅವನು ಹಾರಲಿಲ್ಲ. ಹಿಂದೆ ಡಬ್ಬಿ ತುಂಬ ಜನ ಇದ್ರಲ್ಲ... ಉಗಿಯೊಳಗೇ ನಿಂತು ಬ್ರೇಕ್ ಹಾಕಿದ. ಗಾಡಿ ನಿಂತ ಮೇಲೆ ನಾನು ಓಡಿ ಹೋದೆ, ಸುಳ್ಳಲ್ಲ ಮಗಾ, ಓಡಿ ಹೋದೆ! ಬಲಗಡೆ ಕಂಬಿಗೆ ಜೋತುಬಿದ್ದಿದ್ದ. ಕೈ ಚಾಚಿದ. ನಾನೂ ಕೈ ಕೊಟ್ಟೆ. ಆಗ ಮತ್ತೊಂದ್ಸಲ ಉಗಿ ನುಗ್ಗಿತು ನೋಡು..." ಅಪ್ಪ ತನ್ನ ಬಲಗೈಯನ್ನು ಎಡಗೈಯಿಂದ ಅಪ್ಪಿ ಹಿಡಿದ. "'ಬಿಡಬೇಡ ಕಣೋ' ಅಂದ. ಗಟ್ಟಿಯಾಗಿ ಹಿಡ್ಕೊಂಡು ಅಂದ. ನಾನು... ಕಿತ್ಕೊಂಡೆ."

ಅವಳು ನೆಲದಿಂದ ಎದ್ದು ನಿಂತಳು.

"ಮೊಮ್ಮಕ್ಕಳನ್ನ ಆಡಿಸ್ತಿದಾರೆ ಅಂದೆ!" ಅವಳು ಚೀರಿದಳು. "ಎಷ್ಟು ಸಲ ಅಂದೆ!"

"ನಿನಗೆ ಹೇಳೋ ಕಥೇಲಾದ್ರೂ ಅವನು ಬದುಕ್ಲಿ ಅಂತ ಕಣೇ..."

ಅದೇ ಕಥೆಯನ್ನು ಅವಳು ನಗುನಗುತ್ತ ಹೇಳಿದ್ದಳು. ಯಾರಿಗೆ? ಆ ಸತ್ತವನ ಮಗನಿಗೆ! ಅವನು 'ಹಾಗಂತಲೇ ಅಂದ್ಕೊಳ್ಳಿ' ಎಂದು ತನ್ನನ್ನೇ ಕೀಳು ಮಾಡಿಕೊಂಡು, ಅವಳ ಅಪ್ಪನನ್ನು ಅವಳಿಗೇ ಉಳಿಸಿ ಕಳಿಸಿದ್ದ.

"ಅದನ್ನ ನೆಟ್ಟಗೆ ಮಾಡ್ಬಿಡು," ಅಪ್ಪ ಕೈ ಮುಗಿದ. "ನಿನ್ನ ಕಾಲಿಗೆ ಬೀಳ್ತೀನಿ. ಬಲಗಡೆನೂ ನೆಟ್ಟಗೆ ಮಾಡ್ಬಿಡು."

"ಮಾಡಲ್ಲ."

ಅಪ್ಪ ಇಂಜಿನ್ನನ್ನು ಎತ್ತಿ ನೆಲಕ್ಕೆ ಅಪ್ಪಳಿಸಿದ. ಚಿಮಣಿ ಕಿತ್ತು ಉರುಳುತ್ತ ಮಂಚದಡಿಗೆ ಹೋಯಿತು. ಆಮೇಲೆ ಮಗುವಿನಂತೆ ಅಳುತ್ತ, ಸುಟ್ಟ ಕೈಯನ್ನು ಅವಳಿಗಾಗಿ ಗಾಳಿಯಲ್ಲಿ ತಡಕಾಡಿಸಿದ.

ದಿನಾ ಎಣ್ಣೆ ಸವರಿದ ಕೈ. ಅವಳು ಹಿಂದಕ್ಕೆ ಸರಿದಳು.

"ಈಗ ಇದನ್ನ ಮುಟ್ಟೋಕೂ ನನ್ನಿಂದ ಆಗ್ತಿಲ್ಲ ಅಪ್ಪ," ಎಂದಳು. ಕ್ರೂರವಾದ ಮಾತು. ಗೊತ್ತಿದ್ದೇ ಆಡಿದಳು.

* * *

ಲೇತ್ ಅಂಗಡಿಯ ಹೊಸ್ತಿಲಲ್ಲಿ ಅವನಮ್ಮ ಕೂತಿದ್ದರು. "ಇಷ್ಟು ದಿನ ಎಲ್ಲಿಗೆ ಹೋಗಿದ್ದೆ ಹುಡುಗಿ? ಇವನ ಮುಖ ನೋಡೋಕಾಗಲ್ಲ..."

"ಅಮ್ಮಾ, ನಾನು ಆ ಫೈರ್‌ಮನ್ ಮಗಳು."

ಒಳಗೆ ಲೇತ್ ನಿಂತಿತು. ಅವನು ಬಾಗಿಲಿಗೆ ಬಂದ. "ಬೇಡ! ಅಮ್ಮನಿಗೆ ಹೇಳ್ಬೇಡ..."

ಆದರೆ ಅವಳು ಎಲ್ಲ ಹೇಳಿದಳು. ಅಪ್ಪ ಹಾರಿದ್ದು, ಓಡಿ ಬಂದದ್ದು, ಕೈ ಕೊಟ್ಟದ್ದು, ಕಿತ್ತುಕೊಂಡದ್ದು. ಅಮ್ಮನ ಮುಖ ಒಣ ಮಣ್ಣಿನಂತಾಯಿತು.

"ಕೊನೆಗೆ... ಅವರು ಏನಾದ್ರೂ ಅಂದ್ರಂತಾ?"

ಇಷ್ಟು ವರ್ಷ ಯಾರನ್ನೂ ಕೇಳಲಾಗದೆ ಉಳಿದಿದ್ದ ಪ್ರಶ್ನೆ. ಉತ್ತರ ಗೊತ್ತಿದ್ದವನು ಒಬ್ಬನೇ, ಈಗ ಅವನ ಮಗಳು. 'ನಿಮ್ಮ ಹೆಸರು ಹೇಳಿದ್ರಂತೆ' ಎಂದರೆ ಸಾಕು, ಈ ಮುಖ ಅರಳುತ್ತದೆ. ಒಂದೇ ಒಂದು ಸುಳ್ಳು! ಅದು ಅವಳ ನಾಲಿಗೆಯ ತುದಿಗೂ ಬಂತು. ಆದರೆ ಅಂಥದೇ ಸುಳ್ಳನ್ನು ಉಣ್ಣುತ್ತ ಬೆಳೆದವಳು ಅವಳು.

"'ಬಿಡಬೇಡ ಕಣೋ' ಅಂದ್ರಂತೆ ಅಮ್ಮಾ."

ಅಮ್ಮ ಕಣ್ಣು ಮುಚ್ಚಿದರು. "ತಕ್ಷಣ ಜೀವ ಹೋಯ್ತು, ನರಳಲಿಲ್ಲ ಅಂದಿದ್ರು ನನಗೆ ಎಲ್ಲರೂ," ಎಂದರು ಕೊನೆಗೆ. ಆಮೇಲೆ ಕಣ್ಣು ತೆರೆದು ಅವಳನ್ನು ನೋಡಿದರು. "ನೀನು ಸರಿಮಾಡಿಕೊಟ್ಟ ಹಲ್ಲಲ್ಲೇ ನಿನ್ನ ಮನೆಗೆ ಶಾಪ ಹಾಕ್ಬೇಕಾಗಿ ಬಂತಲ್ಲೇ!"

"ಹಾಕಿ ಅಮ್ಮಾ."

ಶಾಪ ಬರಲಿಲ್ಲ. ಅಮ್ಮ ಗೋಡೆ ಹಿಡಿದು ಎದ್ದರು. "ಅವನು ಬರಲಿ. ನನ್ನ ಎದುರು ಕೂತು ಅವನ ಬಾಯಿಂದಲೇ ಹೇಳಲಿ. ಅಲ್ಲೀವರೆಗೆ ಈ ಮನೇಲಿ ಬೇರೆ ಮಾತಿಲ್ಲ," ಎಂದು ಒಳಗೆ ಹೋದರು. ಬಾಗಿಲು ಮಾತ್ರ ಮುಚ್ಚಲಿಲ್ಲ.

ಅವಳು ಚೀಲದಿಂದ ಇಂಜಿನ್ ತೆಗೆದು ಮೇಜಿನ ಮೇಲಿಟ್ಟಳು. ಪಕ್ಕದಲ್ಲಿ ಮುರಿದ ಚಿಮಣಿ.

"ಇದನ್ನ ಬೆಸೆದುಕೊಡ್ತೀರಾ? ಆಮೇಲೆ ಹೋಗ್ತೀನಿ."

ಅವನು ಬೆಸುಗೆ ಕಡ್ಡಿ ಕಾಯಿಸಿದ. ಅವಳು ಚಿಮಣಿಯನ್ನು ಅದರ ಜಾಗದಲ್ಲಿಟ್ಟು, ಬರಿಬೆರಳಲ್ಲಿ ಹಿಡಿದಳು.

"ಚಿಮಟ ತಗೋ. ಕಾಯುತ್ತೆ."

"ಬೇಡ."

ಬೆಸುಗೆ ಕರಗಿತು. ಹಿತ್ತಾಳೆಗೆ ಬಿಸಿಯೇರುವುದು ಎಷ್ಟು ಹೊತ್ತು? ಅವಳ ಹಣೆಯಲ್ಲಿ ಬೆವರೊಡೆಯಿತು, ತುಟಿ ಕಚ್ಚಿದಳು.

"ಬಿಡು! ಸುಡ್ತಿದೆ, ಬಿಡೇ!"

"ಬಿಡಲ್ಲ."

"ಹುಚ್ಚಿ!" ಅವನು ಕಡ್ಡಿ ಬಿಸಾಡಿ, ಅವಳ ಕೈಯನ್ನು ಕಿತ್ತು ನೀರಿನ ಡಬ್ಬಿಯೊಳಗೆ ಅದ್ದಿದ. ಎರಡು ಬೆರಳಿನ ತುದಿಯಲ್ಲೂ ಕೆಂಪಗೆ ಬೊಬ್ಬೆ ಎದ್ದಿತ್ತು. "ಯಾರಿಗೆ ಏನು ತೋರಿಸ್ಬೇಕಿತ್ತು ನಿನಗೆ? ನೀನು ನಿನ್ನ ಅಪ್ಪ ಅಲ್ಲ!"

ಆಗ ಅವಳು ಅತ್ತಳು. ಬಿಕ್ಕಿ ಬಿಕ್ಕಿ, ನಾಚಿಕೆ ಬಿಟ್ಟು ಅತ್ತಳು. ನೀರಿನೊಳಗೆ ಅವನ ಕೈ ಅವಳ ಕೈಯನ್ನು ಹಿಡಿದೇ ಇತ್ತು.

"ನನಗೆ ಯಾಕೆ ಹೇಳ್ಲಿಲ್ಲ ಅವತ್ತು?"

"ನನಗೆ ಅಪ್ಪನ ಮುಖ ನೆನಪಿಲ್ಲ. ಇರೋದು ಆ ಕಂಬಿ ಒಂದೇ," ಎಂದ ಅವನು. "ನಿನಗೆ ಅಪ್ಪ ಇದ್ದ. ಎಂಥವನೋ, ಇದ್ದ. ಅವನನ್ನ ನಿನ್ನಿಂದ ಕಿತ್ಕೊಂಡು ನಾನು ಏನು ಮಾಡ್ಲಿ? ನೀನು ನನ್ನ ದ್ವೇಷ ಮಾಡಿದ್ರೆ ಸಾಕು ಅನ್ನಿಸ್ತು." ಆಮೇಲೆ ಅಂದ, "ನೀನು ಬರದೇ ಇದ್ದ ದಿನ ಒಂದೂ ಭಾಗ ಸರಿಯಾಗಿ ಕಡೆಯೋಕಾಗ್ಲಿಲ್ಲ ನನಗೆ. ನನಗೆ ನೀನು ಬೇಕು. ಅಷ್ಟೇ ಗೊತ್ತಿರೋದು."

ಮೇಜಿನ ಮೇಲೆ ಚಿಮಣಿ ನೆಟ್ಟಗೆ ನಿಂತಿತ್ತು. ಬೆಸುಗೆ ಹಿಡಿದಿತ್ತು.

"ಅಮ್ಮ ಹೇಳಿದ್ದು ಕೇಳಿಸ್ತಲ್ಲ," ಅವಳು ಮೂಗೊರೆಸಿಕೊಂಡಳು. "ಅಪ್ಪ ಬರದೇ ಇದ್ರೆ? ಅವನಿಗೆ ಅಷ್ಟು ಧೈರ್ಯ ಇಲ್ಲ. ಯಾವತ್ತೂ ಇರಲಿಲ್ಲ."

"ನಾನು ಹೋಗಿ ಕರ್ಕೊಂಡು ಬರ್ತೀನಿ. ಅವರಿಗೆ ದಾರಿ ಕಾಣಲ್ವಲ್ಲ, ಕೈ ಹಿಡ್ಕೊಂಡು ಬರ್ತೀನಿ."

ಅವಳು ತಲೆಯೆತ್ತಿದಳು.

"ಯಾವ ಕೈ?"

ಅವನು ಗೋಡೆಯ ಕಂಬಿಯನ್ನು ಒಮ್ಮೆ ನೋಡಿದ. ಆಮೇಲೆ ಅವಳನ್ನು ನೋಡಿದ.

"ಸುಟ್ಟಿರೋ ಕೈನೇ."